ಪಾಲುದಾರಿಕೆ ಪತ್ರದಲ್ಲಿ ಲಾಭ ಹಂಚಿಕೆಯ ಕಲಂ ಬರೆಸುವುದು ಹೇಗೆ

ತೊಗರಿ ಸುಗ್ಗಿ ಮುಗಿದು ಮಾರ್ಚ್ ಬಂತು ಅಂದರೆ ಸಾಕು, ಒಂದೇ ಪ್ರಶ್ನೆ ಹತ್ತು ಬಾಯಲ್ಲಿ ಬರುತ್ತದೆ. "ಡೀಡ್‌ನ್ಯಾಗ ಫಿಫ್ಟಿ-ಫಿಫ್ಟಿ ಅಂತ ಬರದಾದ ರೀ, ಮತ್ತ ನನ್ನ ಪಾಲಿನ ರೊಕ್ಕ ಯಾಕ ಕೈಗಿ ಬರವಲ್ದು?" ಕೇಳುವವರಲ್ಲಿ ಕಲಬುರಗಿಯ ದಾಲ್ ಮಿಲ್ ಪಾಲುದಾರರು ಇದ್ದಾರೆ, ಶಹಾಪುರ ಕಡೆಯ ಹತ್ತಿ ವ್ಯಾಪಾರಿಗಳು ಇದ್ದಾರೆ, ಬೀದರ್‌ನಲ್ಲಿ ಇಬ್ಬರು ಸೇರಿ ಬಿದರಿ ಅಂಗಡಿ ಹಾಕಿದವರೂ ಇದ್ದಾರೆ. ಎಲ್ಲರ ಪತ್ರದಲ್ಲೂ ಪಾಲು ಬರೆದಿದೆ, ಹಂಚಿಕೆ ಬರೆದಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೇ ಜಗಳದ ಮೂಲ.

ಪಾಲು ಅಂದರೆ ಲಾಭದಲ್ಲಿ ಯಾರಿಗೆ ಶೇಕಡಾ ಎಷ್ಟು ಅನ್ನುವುದು. ಹಂಚಿಕೆ ಅಂದರೆ ಆ ಲಾಭ ಯಾವಾಗ, ಯಾವ ದುಡ್ಡಿನಿಂದ, ಏನೇನು ಕಳೆದ ಮೇಲೆ, ಯಾರು ಹೂಂ ಅಂದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ ಅನ್ನುವುದು. ವಕೀಲರು 'ಡಿಸ್ಟ್ರಿಬ್ಯೂಷನ್ ಪಾಲಿಸಿ' ಅನ್ನುತ್ತಾರಲ್ಲ, ಅದು ಈ ಎರಡನೆಯದು. ಕನ್ನಡದಲ್ಲಿ ಹಂಚಿಕೆ ನಿಯಮ ಅನ್ನೋಣ. (ಸಾಬೂನು, ಬಿಸ್ಕತ್ತು ಕಂಪನಿಯವರು ಡೀಲರ್ ಜೊತೆ ಮಾಡಿಕೊಳ್ಳುವ ಡಿಸ್ಟ್ರಿಬ್ಯೂಷನ್ ಒಪ್ಪಂದ ಸರಕು ಹಂಚುವುದಕ್ಕೆ ಸಂಬಂಧಿಸಿದ್ದು. ಹೆಸರು ಒಂದೇ ಆದರೂ ಅದು ಬೇರೆ ವಿಷಯ, ಇಲ್ಲಿ ಬೇಡ.)

ಕೂರುವ ಮುಂಚೆ ಇಷ್ಟು ಕೈಯಲ್ಲಿರಲಿ: ಈಗಿರುವ ಪತ್ರ ಇದ್ದರೆ ಅದು, ಯಾರು ಎಷ್ಟು ಬಂಡವಾಳ ಹಾಕಿದ್ದಾರೆ ಅನ್ನುವ ಬ್ಯಾಂಕ್ ದಾಖಲೆ, ಎಲ್ಲ ಪಾಲುದಾರರ ಪ್ಯಾನ್, ಹಳೆ ಫರ್ಮ್ ಆದರೆ ಹಿಂದಿನ ಒಂದೆರಡು ವರ್ಷದ ಲೆಕ್ಕ. ಜೊತೆಗೆ ಒಂದು ಮಧ್ಯಾಹ್ನ ಬಿಡುವು. ಪತ್ರ ಬರೆಯುವವರ ಹತ್ತಿರ ಹೋಗಿ "ಎಲ್ಲರಿಗೂ ಬರೀತೀರಲ್ಲ, ಹಂಗೇ ಬರೀರಿ" ಅಂದರೆ ಅವರು ಹಾಗೇ ಬರೆಯುತ್ತಾರೆ. ಹತ್ತು ನಿಮಿಷದಲ್ಲಿ ಪತ್ರ ರೆಡಿ.

1. ಏನೂ ಬರೆಯದಿದ್ದರೆ ಕಾನೂನು ಏನು ಹೇಳುತ್ತದೆ, ಮೊದಲು ತಿಳಿದುಕೊಳ್ಳಿ

ನೀವು ಸುಮ್ನೆ ಬಿಟ್ಟ ಜಾಗವನ್ನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ತುಂಬುತ್ತದೆ. ಅದರ 13ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಬಂಡವಾಳ ಯಾರದು ಎಷ್ಟು ಅಂತ ಅದು ಕೇಳುವುದೇ ಇಲ್ಲ. ದುಡಿದವರಿಗೆ ಸಂಬಳ ಇಲ್ಲ. ಬಂಡವಾಳಕ್ಕೆ ಬಡ್ಡಿ ಇಲ್ಲ. ಬಡ್ಡಿ ಕೊಡಬೇಕು ಅಂತ ಬರೆದಿದ್ದರೂ ಅದು ಲಾಭದಿಂದ ಮಾತ್ರ. ಒಪ್ಪಿದ ಬಂಡವಾಳಕ್ಕಿಂತ ಜಾಸ್ತಿ ದುಡ್ಡು ಕೊಟ್ಟವರಿಗೆ ಮಾತ್ರ ಆ ಹೆಚ್ಚುವರಿ ಹಣದ ಮೇಲೆ ಶೇ 6 ಬಡ್ಡಿ.

ಬೀದರ್‌ನ ಬಿದರಿ ಅಂಗಡಿಯನ್ನೇ ತೆಗೆದುಕೊಳ್ಳಿ. ಒಬ್ಬ ಬೆಳ್ಳಿಗೆ, ಅಂಗಡಿ ಬಾಡಿಗೆಗೆ ದುಡ್ಡು ಹಾಕುತ್ತಾನೆ. ಇನ್ನೊಬ್ಬ ಕುಶಲಕರ್ಮಿ, ದಿನವಿಡೀ ಕೂತು ಉಳಿಯಲ್ಲಿ ಗೆರೆ ಕೆತ್ತಿ ಬೆಳ್ಳಿ ತಂತಿ ಕೂರಿಸುತ್ತಾನೆ. ಪತ್ರದಲ್ಲಿ ಏನೂ ಇಲ್ಲದಿದ್ದರೆ ದುಡ್ಡು ಹಾಕಿದವನಿಗೆ ಬಡ್ಡಿ ಸಿಗುವುದಿಲ್ಲ, ಕೆಲಸ ಮಾಡಿದವನಿಗೆ ಕೂಲಿ ಸಿಗುವುದಿಲ್ಲ, ಉಳಿದದ್ದು ಅರ್ಧ ಅರ್ಧ. ಇಬ್ಬರಿಗೂ ಮೋಸ ಆಯಿತು ಅನ್ನಿಸುತ್ತದೆ, ಮತ್ತು ಇಬ್ಬರು ಹೇಳುವುದರಲ್ಲೂ ಅರ್ಥ ಇದೆ.

ಎಲ್‌ಎಲ್‌ಪಿ ಮಾಡಿಕೊಂಡವರಿಗೂ, ಅಂದರೆ ಹೊಣೆಗೆ ಮಿತಿ ಇರುವ ಪಾಲುದಾರಿಕೆಗೂ, ಪರಿಸ್ಥಿತಿ ಹೀಗೇ. ಒಪ್ಪಂದ ಇಲ್ಲದಿದ್ದರೆ 2008ರ ಎಲ್‌ಎಲ್‌ಪಿ ಕಾಯ್ದೆಯ ಮೊದಲನೇ ಅನುಸೂಚಿ ಲಾಗೂ ಆಗುತ್ತದೆ, ಅಲ್ಲೂ ಸಮಪಾಲೇ.

2. 'ಲಾಭ' ಅಂದರೆ ಏನು ಅಂತ ಬರೆಸಿ

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಲಾಭ ಅಂದರೆ ಲಾಭ, ಅದರಲ್ಲೇನಿದೆ ಬರೆಯೋದು ಅಂತ. ಆದರೆ ದಾಲ್ ಮಿಲ್ ನಡೆಸುವವರಿಗೆ ಗೊತ್ತು: ತೊಗರಿ ಒಡೆದರೆ ಬರುವುದು ಬರೀ ಬೇಳೆ ಅಲ್ಲ. ನುಚ್ಚು ಬರುತ್ತದೆ, ಚುನ್ನಿ ಬರುತ್ತದೆ, ಹೊಟ್ಟು ಬರುತ್ತದೆ. ಚುನ್ನಿ, ಹೊಟ್ಟು ದನದ ಮೇವಿಗೆ ಹೋಗುತ್ತವೆ, ಎಷ್ಟೋ ಸಲ ನಗದಿಗೆ, ಗೇಟಿನಲ್ಲೇ. ಆ ದುಡ್ಡು ಯಾರ ಜೇಬಿಗೆ ಹೋಗುತ್ತದೆ? ಮಿಲ್‌ನಲ್ಲಿ ದಿನಾ ಇರುವ ಪಾಲುದಾರ "ಅದು ಹಮಾಲಿ ಖರ್ಚಿಗೆ ಹೋತು" ಅನ್ನುತ್ತಾನೆ. ವಾರಕ್ಕೊಮ್ಮೆ ಬರುವವನಿಗೆ ಅನುಮಾನ ಶುರುವಾಗುತ್ತದೆ. ಜಿನ್ನಿಂಗ್ ಮಿಲ್ ಆದರೆ ಇದೇ ಕತೆ ಹತ್ತಿ ಬೀಜದ್ದು. ಹಾಗಾಗಿ ಉಪ ಉತ್ಪನ್ನಗಳ ಮಾರಾಟವೂ ಫರ್ಮಿನ ಆದಾಯ, ಬಿಲ್ ಹರಿದೇ ಮಾರಬೇಕು ಅಂತ ಒಂದು ಸಾಲು ಇರಲಿ.

ಎರಡನೆಯದು ದಾಸ್ತಾನಿನ ಬೆಲೆ. ಮಾರ್ಚ್ 31ಕ್ಕೆ ಗೋದಾಮಿನಲ್ಲಿ ಇರುವ ತೊಗರಿಗೆ ಯಾವ ದರ ಕಟ್ಟುತ್ತೀರಿ ಅನ್ನುವುದರ ಮೇಲೆ ಆ ವರ್ಷದ ಲಾಭ ಏರುತ್ತದೆ, ಇಳಿಯುತ್ತದೆ. ಕೊಂಡ ಬೆಲೆ, ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಲೆಕ್ಕದ ರೂಢಿ ಇದೇ, ಪತ್ರದಲ್ಲೂ ಇದನ್ನೇ ಬರೆಸಿ. ಮುಂದೆ ದರ ಏರುತ್ತದೆ ಅನ್ನುವ ಆಸೆಯ ಮೇಲೆ ದಾಸ್ತಾನಿಗೆ ಬೆಲೆ ಕಟ್ಟಿ, ಇಲ್ಲದ ಲಾಭ ಹಂಚಿಕೊಂಡು, ಆಮೇಲೆ ದರ ಬಿದ್ದಾಗ ತಲೆ ಮೇಲೆ ಕೈ ಹೊತ್ತು ಕೂರುವುದು ಬೇಡ.

ವಸೂಲಾಗದ ಉದ್ರಿ ಏನು ಮಾಡಬೇಕು ಅಂತಲೂ ಬರೆಸಿ. ಒಂದು ವರ್ಷ ಮೀರಿದ ಬಾಕಿಯನ್ನು ಹಂಚುವ ಲಾಭದಿಂದ ಬದಿಗಿಡುವುದು, ಬಂದಾಗ ಸೇರಿಸುವುದು. ಇದು ನನ್ನ ಸಲಹೆ ಅಷ್ಟೇ, ಕಾನೂನಿನ ಕಡ್ಡಾಯ ಅಲ್ಲ.

3. ಯಾವುದರ ನಂತರ ಯಾವುದು: ಕ್ರಮ ಬರೆಸಿ

ಅಂಕಿ ಹಾಕಿ ನೋಡಿದರೆ ಬೇಗ ತಿಳಿಯುತ್ತದೆ. ಇಬ್ಬರು ಪಾಲುದಾರರು. ಅಣ್ಣನ ಬಂಡವಾಳ 20 ಲಕ್ಷ, ಆತ ಮಿಲ್‌ಗೆ ಬರುವುದು ಅಪರೂಪ. ತಮ್ಮನ ಬಂಡವಾಳ 10 ಲಕ್ಷ, ಆತ ದಿನಾ ಮಿಲ್‌ನಲ್ಲಿ. ಲಾಭ ಸಮಪಾಲು. ವರ್ಷದ ಲಾಭ 12,00,000 ರೂಪಾಯಿ, ಪಾಲುದಾರರಿಗೆ ಇನ್ನೂ ಏನೂ ಕೊಟ್ಟಿಲ್ಲ.

ಮೊದಲು ಬಂಡವಾಳದ ಬಡ್ಡಿ, ಶೇ 12ರಂತೆ. ಅಣ್ಣನಿಗೆ 2,40,000, ತಮ್ಮನಿಗೆ 1,20,000. ಉಳಿದದ್ದು 8,40,000. ಆಮೇಲೆ ದುಡಿಯುವ ಪಾಲುದಾರನ ಸಂಬಳ, ತಿಂಗಳಿಗೆ 25,000ದಂತೆ 3,00,000. ಉಳಿದದ್ದು 5,40,000. ಇದರ ಮೇಲೆ ಫರ್ಮ್ ಆದಾಯ ತೆರಿಗೆ ಕಟ್ಟಬೇಕು: ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು 1,68,480. ಉಳಿದದ್ದು 3,71,520. ಇದರಲ್ಲಿ ಐದರಲ್ಲೊಂದು ಭಾಗ ಮೀಸಲು, ಅಂದರೆ ಮಷಿನ್ ರಿಪೇರಿಗೋ ಕೆಟ್ಟ ವರ್ಷಕ್ಕೋ ಎತ್ತಿಡುವ ದುಡ್ಡು, 74,304. ಕೊನೆಗೆ ಹಂಚಲಿಕ್ಕೆ ಸಿಗುವುದು 2,97,216, ತಲಾ 1,48,608.

12 ಲಕ್ಷ ಲಾಭ ಅಂತ ಕೇಳಿ "ನಂಗ 6 ಲಕ್ಷ" ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ ಅಣ್ಣನಿಗೆ ಬಡ್ಡಿ ಸೇರಿ ಬಂದದ್ದು 3,88,608. ತಮ್ಮನಿಗೆ 5,68,608. ಯಾರೂ ಮೋಸ ಮಾಡಿಲ್ಲ. ಆದರೆ ಈ ಮೆಟ್ಟಿಲುಗಳನ್ನು ಪತ್ರದಲ್ಲಿ ಒಂದೊಂದಾಗಿ ಬರೆಯದಿದ್ದರೆ ಅಣ್ಣನಿಗೆ ಅದು ಮೋಸವಾಗಿಯೇ ಕಾಣುತ್ತದೆ.

ಇಲ್ಲಿ ಎಡವುವ ಜಾಗಗಳು ಜಾಸ್ತಿ, ನಿಧಾನಕ್ಕೆ ಓದಿ.

ಬಂಡವಾಳದ ಬಡ್ಡಿಯನ್ನು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಲಿಕ್ಕೆ ಶೇ 12 ಮೇಲ್ಮಿತಿ. ಅದಕ್ಕಿಂತ ಜಾಸ್ತಿ ಕೊಟ್ಟರೆ ಹೆಚ್ಚಿನ ಭಾಗಕ್ಕೆ ಫರ್ಮೇ ತೆರಿಗೆ ಕಟ್ಟಬೇಕು. ಸಂಬಳಕ್ಕೂ ಮಿತಿ ಇದೆ. ಬಡ್ಡಿ ಕಳೆದ ಮೇಲಿನ ಪುಸ್ತಕ ಲಾಭದ (ಸಂಬಳ ಕಳೆಯುವ ಮುಂಚಿನ ಲಾಭ) ಮೊದಲ 6 ಲಕ್ಷಕ್ಕೆ 3 ಲಕ್ಷ ಅಥವಾ ಶೇ 90, ಯಾವುದು ಹೆಚ್ಚೋ ಅದು. ಅದರ ಮೇಲಿನದಕ್ಕೆ ಶೇ 60. ನಮ್ಮ ಉದಾಹರಣೆಯಲ್ಲಿ 6,84,000ದವರೆಗೆ ಅವಕಾಶ ಇತ್ತು, 3 ಲಕ್ಷ ಆರಾಮ. ಆದರೆ ಈ ಸಂಬಳ ದುಡಿಯುವ ಪಾಲುದಾರನಿಗೆ ಮಾತ್ರ. ಹೆಸರಿಗೆ ಸೇರಿಸಿಕೊಂಡ ಅತ್ತಿಗೆಗೆ ಸಂಬಳ ಬರೆದು ತೆರಿಗೆ ಉಳಿಸುವ ಯೋಚನೆ ಬಿಡಿ.

ಸಂಬಳ ಎಷ್ಟು ಅನ್ನುವುದು ಪತ್ರದಲ್ಲೇ ಇರಬೇಕು, ಇಲ್ಲವೇ ಅದನ್ನು ಲೆಕ್ಕ ಹಾಕುವ ರೀತಿಯಾದರೂ ಇರಬೇಕು. "ಪಾಲುದಾರರು ಆಗಾಗ ಮಾತಾಡಿಕೊಂಡು ನಿರ್ಧರಿಸಿದಷ್ಟು" ಅಂತ ಬರೆದರೆ ನಡೆಯುವುದಿಲ್ಲ ಅಂತ ತೆರಿಗೆ ಮಂಡಳಿ 1996ರ 739ನೇ ಸುತ್ತೋಲೆಯಲ್ಲೇ ಹೇಳಿದೆ. ಆದರೂ ಇವತ್ತಿಗೂ ಪ್ರತಿ ಎರಡನೇ ಪತ್ರದಲ್ಲಿ ಅದೇ ಸಾಲು ನೋಡುತ್ತೇನೆ, ಹಳೆ ಪತ್ರದಿಂದ ಹೊಸ ಪತ್ರಕ್ಕೆ ಹಾಗೇ ಇಳಿದು ಬರುತ್ತಾ ಇದೆ. ಇನ್ನೊಂದು, ಸಂಬಳದ ಕಲಂ ಹಿಂದಿನ ತಾರೀಖಿಗೆ ನಡೆಯುವುದಿಲ್ಲ. ಮಾರ್ಚ್ 28ಕ್ಕೆ ತಿದ್ದುಪಡಿ ಪತ್ರ ಮಾಡಿಸಿ ಹಿಂದಿನ ಏಪ್ರಿಲ್‌ನಿಂದ ಸಂಬಳ ಅಂದರೆ, ಪತ್ರಕ್ಕಿಂತ ಮುಂಚಿನ ಅವಧಿಯದನ್ನು ತೆರಿಗೆಯವರು ಖರ್ಚಾಗಿ ಒಪ್ಪುವುದಿಲ್ಲ.

2025ರ ಏಪ್ರಿಲ್ 1ರಿಂದ ಒಂದು ಹೊಸ ಕೆಲಸ ಸೇರಿದೆ. ಒಬ್ಬ ಪಾಲುದಾರನಿಗೆ ವರ್ಷದಲ್ಲಿ ಕೊಡುವ ಸಂಬಳ, ಬಡ್ಡಿ, ಬೋನಸ್, ಕಮಿಷನ್ ಎಲ್ಲ ಸೇರಿ 20,000 ದಾಟಿದರೆ ಫರ್ಮ್ ಶೇ 10 ಟಿಡಿಎಸ್ ಹಿಡಿಯಬೇಕು. ಟಿಡಿಎಸ್ ಅಂದರೆ ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ. ಕೈಗೆ ಕೊಡದೆ ಬರೀ ಬಂಡವಾಳ ಖಾತೆಗೆ ಜಮಾ ಮಾಡಿದರೂ ಹಿಡಿಯಬೇಕು. ಮೇಲಿನ ಲೆಕ್ಕದಲ್ಲಿ ಅಣ್ಣನ ಬಡ್ಡಿಗೆ 24,000, ತಮ್ಮನ ಬಡ್ಡಿ ಮತ್ತು ಸಂಬಳಕ್ಕೆ 42,000. ಕೊನೆಯ ಲಾಭದ ಪಾಲು ಇದೆಯಲ್ಲ, ಆ 1,48,608, ಅದಕ್ಕೆ ಟಿಡಿಎಸ್ ಇಲ್ಲ. ಫರ್ಮ್ ಆಗಲೇ ತೆರಿಗೆ ಕಟ್ಟಿರುವುದರಿಂದ ಪಾಲುದಾರ ಮತ್ತೆ ಕಟ್ಟುವಂತೆಯೂ ಇಲ್ಲ.

4. ತಾರೀಖು ಬರೆಸಿ, ಬ್ಯಾಂಕಿನಲ್ಲಿ ದುಡ್ಡಿರುವ ತಾರೀಖು

ನಮ್ಮ ಕಡೆ ವ್ಯಾಪಾರದ ವರ್ಷವೂ ಸರ್ಕಾರದ ವರ್ಷವೂ ಕೂಡಿ ಬರುವುದಿಲ್ಲ. ತೊಗರಿ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬರುವುದು ಡಿಸೆಂಬರ್‌ನಿಂದ. ಜನವರಿ, ಫೆಬ್ರುವರಿಯಲ್ಲಿ ಮಿಲ್‌ನವರು ಇದ್ದಬದ್ದ ದುಡ್ಡೆಲ್ಲ ಹಾಕಿ, ಬ್ಯಾಂಕಿನ ಸಿಸಿ ಮಿತಿಯನ್ನೂ (ವ್ಯಾಪಾರಕ್ಕೆ ಬೇಕಾದಾಗ ತೆಗೆಯಬಹುದಾದ ಸಾಲ) ಎಳೆದು, ಮಾಲು ತುಂಬಿಕೊಳ್ಳುತ್ತಾರೆ. ಅಷ್ಟರಲ್ಲಿ ಮಾರ್ಚ್ 31. ಪುಸ್ತಕದಲ್ಲಿ 12 ಲಕ್ಷ ಲಾಭ, ಬ್ಯಾಂಕಿನಲ್ಲಿ 1,80,000. ಮಿಕ್ಕಿದ್ದೆಲ್ಲ ಗೋಣಿ ಚೀಲದಲ್ಲಿದೆ, ಇಲ್ಲವೇ ಹೊರಗಿನ ವ್ಯಾಪಾರಿಯ ಉದ್ರಿಯಲ್ಲಿದೆ. ಆಗ "ಏಪ್ರಿಲ್‌ನಲ್ಲಿ ಲಾಭ ಹಂಚತಕ್ಕದ್ದು" ಅಂತ ಪತ್ರದಲ್ಲಿದ್ದರೆ ಎರಡೇ ದಾರಿ: ಸಾಲ ಮಾಡಿ ಹಂಚಿ, ಅಥವಾ ಪತ್ರ ಮುರಿಯಿರಿ.

ನಾನೇ ಒಮ್ಮೆ ಒಂದು ಮಿಲ್‌ಗೆ ಹೀಗೆ ಏಪ್ರಿಲ್ ಅಂತ ಬರೆದುಕೊಟ್ಟಿದ್ದೆ. ಎರಡನೇ ವರ್ಷಕ್ಕೇ ಸೋದರಮಾವ, ಅಳಿಯ ಮಾತು ಬಿಟ್ಟರು.

ಈಗ ನಾನು ಸೆಪ್ಟೆಂಬರ್ 30 ಅಂತ ಹಾಕಿಸುತ್ತೇನೆ. ಅಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ, ಮಾಲು ಬಹುಪಾಲು ಹೋಗಿರುತ್ತದೆ. ದೀಪಾವಳಿಗೆ ಖಾತೆ ಪೂಜೆ ಮಾಡಿ ಹಂಚಿಕೊಳ್ಳುವವರೂ ಇದ್ದಾರೆ, ಒಳ್ಳೆಯದೇ, ಆದರೆ ಪತ್ರದಲ್ಲಿ ಇಂಗ್ಲಿಷ್ ತಿಂಗಳಿನ ತಾರೀಖೇ ಇರಲಿ. ಹಬ್ಬ ಪ್ರತಿ ವರ್ಷ ಹಿಂದೆ ಮುಂದೆ ಹೋಗುತ್ತದೆ.

ತಾರೀಖಿನ ಜೊತೆ ಒಂದು ನಗದು ಪರೀಕ್ಷೆ ಸೇರಿಸಿ. ನಾನು ಬಳಸುವ ಸಾಲು ಹೀಗಿದೆ, ಬೇಕಾದರೆ ನಿಮಗೆ ತಕ್ಕಂತೆ ತಿದ್ದಿಕೊಳ್ಳಿ:

"ಮೇಲಿನಂತೆ ಲೆಕ್ಕ ಹಾಕಿದ ಹಂಚಿಕೆ ಲಾಭವನ್ನು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಪಾಲುದಾರರ ಬ್ಯಾಂಕ್ ಖಾತೆಗೆ ಪಾವತಿಸತಕ್ಕದ್ದು. ಪಾವತಿಯ ನಂತರ ಫರ್ಮಿನ ಬ್ಯಾಂಕ್ ಖಾತೆಯಲ್ಲಿ ಎರಡು ತಿಂಗಳ ಖರ್ಚಿಗೆ ಬೇಕಾದ ಹಣ ಉಳಿಯುವಂತಿಲ್ಲದಿದ್ದರೆ, ಲಭ್ಯವಿರುವ ಹಣವನ್ನು ಪಾಲಿನ ಪ್ರಮಾಣದಲ್ಲಿ ಕೊಟ್ಟು, ಬಾಕಿಯನ್ನು ಆಯಾ ಪಾಲುದಾರರ ಹೆಸರಿಗೆ ಜಮಾ ಮಾಡಿ, ಮುಂದಿನ ಮಾರ್ಚ್ 31ರೊಳಗೆ ಪಾವತಿಸತಕ್ಕದ್ದು."

'ಪಾಲಿನ ಪ್ರಮಾಣದಲ್ಲಿ' ಅನ್ನುವ ಪದ ಬಿಡಬೇಡಿ. ಅದಿಲ್ಲದಿದ್ದರೆ ಬ್ಯಾಂಕಿನ ಚೆಕ್‌ಬುಕ್ ಯಾರ ಕೈಯಲ್ಲಿದೆಯೋ ಅವರದು ಪೂರ್ತಿ ಚುಕ್ತಾ ಆಗಿ, ಇನ್ನೊಬ್ಬರದು ಮಾತ್ರ ಬಾಕಿ ಉಳಿಯುತ್ತದೆ.

5. ನಡುವೆ ತೆಗೆಯುವ ದುಡ್ಡಿಗೆ ಮಿತಿ

ವರ್ಷವಿಡೀ ಕಾಯಲಿಕ್ಕೆ ಯಾರಿಗೂ ಆಗುವುದಿಲ್ಲ, ಮನೆ ಖರ್ಚು ಇರುತ್ತದೆ. ಲಾಭ ಲೆಕ್ಕ ಹಾಕುವ ಮುಂಚೆ ಪಾಲಿನ ಮೇಲೆ ತೆಗೆಯುವ ಮುಂಗಡಕ್ಕೆ ಡ್ರಾಯಿಂಗ್ಸ್ ಅನ್ನುತ್ತಾರೆ. ತಿಂಗಳಿಗೆ ಎಷ್ಟು ತೆಗೆಯಬಹುದು, ದಾಟಿದರೆ ಶೇಕಡಾ ಎಷ್ಟು ಬಡ್ಡಿ, ವರ್ಷದ ಕೊನೆಗೆ ಪಾಲಿಗಿಂತ ಜಾಸ್ತಿ ತೆಗೆದಿದ್ದರೆ ಎಷ್ಟು ದಿನದಲ್ಲಿ ವಾಪಸ್ ಕಟ್ಟಬೇಕು, ಈ ಮೂರೂ ಬರಲಿ. ಮಗಳ ಮದುವೆ, ಆಸ್ಪತ್ರೆ ಇಂಥದ್ದಕ್ಕೆ ಎಲ್ಲರ ಲಿಖಿತ ಒಪ್ಪಿಗೆಯ ಮೇಲೆ ಹೆಚ್ಚು ತೆಗೆಯಬಹುದು ಅಂತ ಸೇರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕೊಟ್ಟ ಒಪ್ಪಿಗೆ ಸಾಕೋ ಸಾಲದೋ ಅದನ್ನೂ ಅಲ್ಲೇ ಹೇಳಿಬಿಡಿ.

6. ನಷ್ಟ

ಲಾಭದ ಪಾಲು ಬರೆದು ನಷ್ಟದ್ದು ಬರೆಯದೆ ಬಿಡಬೇಡಿ. ಒಬ್ಬರಿಗೆ ನಷ್ಟ ಬೇಡ ಅಂತ ನಿಮ್ಮ ನಿಮ್ಮಲ್ಲಿ ಒಪ್ಪಿಕೊಳ್ಳಬಹುದು, ಆದರೆ ಅದು ನಿಮ್ಮೊಳಗೆ ಮಾತ್ರ. ಬ್ಯಾಂಕೋ ಅಡತಿಯವರೋ ತಮ್ಮ ಪೂರ್ತಿ ಬಾಕಿಗೆ ಯಾವ ಪಾಲುದಾರನನ್ನಾದರೂ ಹಿಡಿಯಬಹುದು, ಪಾಲುದಾರಿಕೆ ಕಾಯ್ದೆಯ 25ನೇ ಕಲಂ ಹಾಗೆ ಹೇಳುತ್ತದೆ. ಮಕ್ಕಳ ಹೆಸರು ಸೇರಿಸಬೇಕು ಅನ್ನುವವರಿಗೆ: 18 ತುಂಬದವರನ್ನು ಎಲ್ಲರ ಒಪ್ಪಿಗೆಯಿಂದ ಲಾಭಕ್ಕೆ ಮಾತ್ರ ಸೇರಿಸಬಹುದು, ನಷ್ಟಕ್ಕೆ ಅಲ್ಲ. ವಯಸ್ಸಿಗೆ ಬಂದ ಮೇಲೆ, ಫರ್ಮಿನ ಲಾಭಕ್ಕೆ ತನ್ನನ್ನು ಸೇರಿಸಿದ್ದು ಗೊತ್ತಿರುವ ಹುಡುಗ 6 ತಿಂಗಳಲ್ಲಿ ಬೇಕೋ ಬೇಡವೋ ಅಂತ ಪ್ರಕಟಣೆ ಕೊಡಬೇಕು. ಸುಮ್ಮನಿದ್ದರೆ ಪಾಲುದಾರನೇ ಆಗಿಬಿಡುತ್ತಾನೆ, ನಷ್ಟದ ಸಮೇತ.

7. ಒಬ್ಬರು ಬಿಟ್ಟರೆ, ತೀರಿಕೊಂಡರೆ, ಮಿಲ್ ಮುಚ್ಚಿದರೆ

"ಶುಭಕಾರ್ಯಕ್ಕೆ ಕೂತಾಗ ಅದ್ಯಾಕ ಮಾತಾಡಬೇಕ್ರಿ" ಅಂತ ಹಿರಿಯರು ತಡೆಯುತ್ತಾರೆ. ಮಾತಾಡಲೇಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ದಿನವೇ ಫರ್ಮ್ ವಿಸರ್ಜನೆ ಆಗುತ್ತದೆ. ಮೂವರಿದ್ದರೆ "ಉಳಿದವರು ಮುಂದುವರಿಸತಕ್ಕದ್ದು" ಅಂತ ಬರೆದರೆ ಸಾಕು. ಇಬ್ಬರೇ ಇದ್ದರೆ ಆ ಸಾಲು ಕೆಲಸ ಮಾಡುವುದಿಲ್ಲ, ಒಬ್ಬನೇ ಪಾಲುದಾರಿಕೆ ನಡೆಸಲಿಕ್ಕೆ ಬರುವುದಿಲ್ಲವಲ್ಲ. ವಾರಸುದಾರರು ಒಪ್ಪಿ ಪಾಲುದಾರರಾಗಿ ಸೇರಿಕೊಳ್ಳಬೇಕು.

ಬಿಟ್ಟವರ ಅಥವಾ ತೀರಿಕೊಂಡವರ ಲೆಕ್ಕ ಚುಕ್ತಾ ಮಾಡದೆ ಉಳಿದವರು ಅದೇ ಆಸ್ತಿ ಬಳಸಿ ವ್ಯಾಪಾರ ನಡೆಸಿದರೆ, 37ನೇ ಕಲಂ ಪ್ರಕಾರ ಹೊರಗೆ ಹೋದವರ ಕಡೆಯವರು ಎರಡರಲ್ಲಿ ಒಂದು ಕೇಳಬಹುದು: ಆ ದುಡ್ಡಿನಿಂದ ಹುಟ್ಟಿದ ಲಾಭದ ಪಾಲು, ಇಲ್ಲವೇ ವರ್ಷಕ್ಕೆ ಶೇ 6 ಬಡ್ಡಿ. ಇದು ಬೇಡವಾದರೆ ನಿಮ್ಮದೇ ನಿಯಮ ಬರೆಸಿ. ಎಷ್ಟು ಕಂತು, ಎಷ್ಟು ತಿಂಗಳು, ಗೋದಾಮಿನ ಮಾಲಿಗೆ ಯಾವ ದಿನದ ಗಂಜ್ ದರ.

ಪೂರ್ತಿ ಮುಚ್ಚಿದಾಗಿನ ಕ್ರಮ 48ನೇ ಕಲಂನಲ್ಲಿದೆ. ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಬಂಡವಾಳ ಬಿಟ್ಟು ಹೆಚ್ಚುವರಿಯಾಗಿ ಕೊಟ್ಟ ದುಡ್ಡು, ಆಮೇಲೆ ಬಂಡವಾಳ, ಏನಾದರೂ ಮಿಕ್ಕರೆ ಲಾಭದ ಪ್ರಮಾಣದಲ್ಲಿ ಹಂಚಿಕೆ. ಈ ಕ್ರಮ ಚೆನ್ನಾಗಿಯೇ ಇದೆ, ಇದನ್ನು ಬದಲಾಯಿಸುವ ಗೋಜಿಗೆ ಹೋಗಬೇಡಿ.

8. ಸಹಿ, ಸ್ಟಾಂಪ್, ನೋಂದಣಿ

ಇ-ಸ್ಟಾಂಪ್ ಕಾಗದದ ಮೇಲೆ ಪತ್ರ, ಪ್ರತಿ ಪುಟಕ್ಕೂ ಎಲ್ಲರ ಸಹಿ, ಇಬ್ಬರು ಸಾಕ್ಷಿ. ಇಷ್ಟಕ್ಕೇ ಎಲ್ಲರೂ ನಿಲ್ಲಿಸುತ್ತಾರೆ, ನೋಟರಿ ಮಾಡಿಸಿದ್ದೇವೆ ಅಂತ ಸಮಾಧಾನ. ನೋಟರಿ ಬೇರೆ, ಫರ್ಮ್ ನೋಂದಣಿ ಬೇರೆ. ಕರ್ನಾಟಕದಲ್ಲಿ ಫರ್ಮ್ ನೋಂದಣಿ ಜಿಲ್ಲಾ ನೋಂದಣಾಧಿಕಾರಿಯ ಕೆಲಸ, ಅರ್ಜಿ ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ ಆನ್‌ಲೈನ್‌ನಲ್ಲಿ ಹಾಕಬಹುದು.

ಕಡ್ಡಾಯ ಅಲ್ಲ ಅಂತ ಬಿಡುತ್ತಾರೆ. ಆದರೆ 69ನೇ ಕಲಂ ಓದಿ ನೋಡಿ: ನೋಂದಣಿ ಆಗದ ಫರ್ಮಿನ ಪಾಲುದಾರ, ಪತ್ರದಲ್ಲಿ ಬರೆದ ಹಕ್ಕಿಗಾಗಿ ಫರ್ಮ್ ಮೇಲಾಗಲಿ ಇನ್ನೊಬ್ಬ ಪಾಲುದಾರನ ಮೇಲಾಗಲಿ ದಾವೆ ಹಾಕುವಂತಿಲ್ಲ. ಅಂದರೆ ಇಷ್ಟೆಲ್ಲ ಕಷ್ಟಪಟ್ಟು ಬರೆಸಿದ ಹಂಚಿಕೆ ಕಲಂ ಹಿಡಿದು ಕೋರ್ಟಿಗೆ ಹೋದರೆ ಬಾಗಿಲಲ್ಲೇ ವಾಪಸ್. ಫರ್ಮ್ ಮುಚ್ಚಿ ಲೆಕ್ಕ ಕೊಡಿಸಿ ಅಂತ ಮಾತ್ರ ಕೇಳಬಹುದು. ಉದ್ರಿ ಕೊಡದ ಹೊರಗಿನ ವ್ಯಾಪಾರಿಯ ಮೇಲೆ ಫರ್ಮೂ ದಾವೆ ಹಾಕುವಂತಿಲ್ಲ. 100 ರೂಪಾಯಿ ಮೀರದ ಸಣ್ಣ ದಾವೆಗಳಿಗೆ ವಿನಾಯಿತಿ ಇದೆ. 1932ರಲ್ಲಿ ಅದು ದೊಡ್ಡ ಮೊತ್ತ, ಈಗ ಒಂದು ಹೊತ್ತಿನ ಊಟ.

ಕಂಪನಿ ಅಥವಾ ಎಫ್‌ಪಿಒ ಆದವರಿಗೆ ಎರಡು ಮಾತು

ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಲಾಭದ ಹಂಚಿಕೆಗೆ ಡಿವಿಡೆಂಡ್ ಅನ್ನುತ್ತಾರೆ. ಅಲ್ಲಿ ಪತ್ರದಲ್ಲಿ ಬರೆದ ಮಾತ್ರಕ್ಕೆ ಬರುವುದಿಲ್ಲ. ನಿರ್ದೇಶಕರ ಮಂಡಳಿ ಶಿಫಾರಸು ಮಾಡಬೇಕು, ಷೇರುದಾರರ ಸಭೆ ಒಪ್ಪಬೇಕು, ಘೋಷಣೆ ಆದ ಮೇಲೆ 30 ದಿನದಲ್ಲಿ ಕೊಡಬೇಕು. ತೆರಿಗೆ ಷೇರುದಾರರ ಕೈಯಲ್ಲಿ. ರೈತ ಉತ್ಪಾದಕರ ಕಂಪನಿ, ಅಂದರೆ ಎಫ್‌ಪಿಒ, ಇನ್ನೂ ಬೇರೆ ಥರ. ಷೇರಿನ ಮೇಲಿನ ಆದಾಯಕ್ಕೆ ಮಿತಿ ಇದೆ, ಉಳಿದ ಲಾಭವನ್ನು ಯಾವ ರೈತನು ಆ ಕಂಪನಿಯ ಜೊತೆ ಎಷ್ಟು ವ್ಯವಹಾರ ಮಾಡಿದ ಅನ್ನುವುದರ ಮೇಲೆ ಬೋನಸ್ ಆಗಿ ಹಂಚಬಹುದು. ಹತ್ತು ಚೀಲ ತೊಗರಿ ಹಾಕಿದವನಿಗಿಂತ ಐವತ್ತು ಚೀಲ ಹಾಕಿದವನಿಗೆ ಜಾಸ್ತಿ. ಹಾಗಾಗಿ ಸದಸ್ಯರು ತೂಕದ ರಸೀದಿ ಕಳೆದುಕೊಳ್ಳಬಾರದು.

ಹಳೆ ಪತ್ರ ಇದ್ದು ಅದರಲ್ಲಿ ಇದು ಯಾವುದೂ ಇಲ್ಲ ಅನ್ನುವವರು ಹೊಸ ಫರ್ಮ್ ಮಾಡಬೇಕಿಲ್ಲ. ಎಲ್ಲರೂ ಸಹಿ ಹಾಕಿದ ಒಂದು ಪೂರಕ ಪತ್ರ ಸಾಕು. ಹಳೆ ಪತ್ರದ ಯಾವ ಕಲಂ ಬದಲಾಯಿತು ಅಂತ ನಂಬರ್ ಸಮೇತ ಬರೆಸಿ, ಒಂದು ಪ್ರತಿ ಲೆಕ್ಕ ನೋಡುವವರಿಗೆ, ಒಂದು ಬ್ಯಾಂಕಿಗೆ ಕೊಡಿ. ಮಾಡಿಸುವುದಾದರೆ ಏಪ್ರಿಲ್ ಮೊದಲ ವಾರ ಸರಿಯಾದ ಹೊತ್ತು, ಆ ವರ್ಷದ ಸಂಬಳ, ಬಡ್ಡಿ ಹೆಚ್ಚುಕಡಿಮೆ ಪೂರ್ತಿ ಲೆಕ್ಕಕ್ಕೆ ಸಿಗುತ್ತದೆ.